ಬಾಗಿಲ ತನಕ

ಊರಿನವರಿಗೆ ಸಿನಿಮಾ ತೋರಿಸುವುದಕ್ಕಿಂತ ಮನಿಲಾದ ಪಂಡಿತರಿಗೆ ತೋರಿಸುವುದೇ ವಾಸಿ ಎಂದು ಜೆರ್ಲಿನ್‌ಗೆ ಎಲ್ಲರೂ ಬುದ್ಧಿ ಹೇಳಿದ್ದರು. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಮೂರು ವರ್ಷ ಹೆಣಗಾಡಿ ಮಾಡಿದ ದೆವ್ವದ ಸಿನಿಮಾ. ಅದರ ಮೊದಲ ಆಟ ಹುಟ್ಟೂರು ಬಾಗುಂಬಾನಿನಲ್ಲೇ ಆಗಬೇಕು, ಅದೂ ಪ್ಲಾಸಿದಾ ಅತ್ತೆಯ ಕಣ್ಣೆದುರೇ ಆಗಬೇಕು ಎಂದು ಹಟ ಹಿಡಿದಳು. ಹಾಗಾಗಿ ಊರಿನ ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲಿ, ತಗಡಿನ ಚಾವಣಿಯ ಕೆಳಗೆ, ಸುತ್ತಲೂ ನೀಲಿ ಟಾರ್ಪಾಲು ಇಳಿಬಿಟ್ಟು ಹಾಡಹಗಲಲ್ಲೇ ಕತ್ತಲು ಮಾಡಿದರು. ಸಂಜೆಯಾದರೆ ಕರೆಂಟು ಕೈಕೊಡುತ್ತದೆ, ಅದಕ್ಕೇ ಮಧ್ಯಾಹ್ನ ಮೂರಕ್ಕೆ ಆಟ. ಇನ್ನೂರು ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು, ಮುನ್ನೂರು ಜನ ಬಂದಿದ್ದರು. ಸೆಖೆ ಹೇಳತೀರದು.

ಅತ್ತೆ ಮೊದಲ ಸಾಲಿನಲ್ಲಿ ಕೂತಿದ್ದಳು. ಜೆರ್ಲಿನ್‌ಳ ಅಪ್ಪ ಕ್ರಿಸ್ಪಿನ್‌ಗೆ ಅವಳು ಅಕ್ಕ. ಒಂಬತ್ತು ವರ್ಷದ ಹಿಂದೆ ಕ್ರಿಸ್ಪಿನ್ ತೀರಿಕೊಂಡಾಗ ಹೆಣಕ್ಕೆ ಅಂಗಿ ತೊಡಿಸಿದವಳು ಅವಳೇ; ಐದು ರಾತ್ರಿ ಶವಪೆಟ್ಟಿಗೆಯ ಪಕ್ಕ ನಿದ್ದೆಗೆಟ್ಟು ಕೂತವಳೂ ಅವಳೇ. ಮಗಳು ಜೆರ್ಲಿನ್ ಆಗ ಕುವೈತಿನಲ್ಲಿ ಯಾರದೋ ಮಕ್ಕಳ ಮೂಗು ಒರೆಸುತ್ತಿದ್ದಳು. ಆ ಮನೆಯೊಡತಿ ಪಾಸ್‌ಪೋರ್ಟನ್ನು ಬೀರುವಿನಲ್ಲಿಟ್ಟು ಬೀಗ ಜಡಿದಿದ್ದಳು, ಕೊಡಲಿಲ್ಲ.

ಆಮೇಲೆ ಊರಿಗೆ ಬಂದ ತಮ್ಮನ ಮಗಳ ಮೇಲೆ ಅತ್ತೆ ಕೂಗಾಡಲಿಲ್ಲ. ಕೂಗಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ಗಾಜಿನ ತಟ್ಟೆ ತೆಗೆದು ತೊಳೆದು ಅನ್ನ ಬಡಿಸಿದಳು, ಹಾಸಿಗೆಗೆ ಹೊಸ ಹೊದಿಕೆ ಹಾಸಿದಳು, ಅಡುಗೆಮನೆಗೆ ಕಾಲಿಡಲು ಮಾತ್ರ ಬಿಡಲಿಲ್ಲ. ಅಂದಿನಿಂದ ಇಂದಿನವರೆಗೆ ಜೆರ್ಲಿನ್ ಹುಟ್ಟಿದ ಮನೆಯಲ್ಲಿ ನೆಂಟಳು. ಹೊಟ್ಟೆಗೆ ಬೆಂಕಿ ಬಿದ್ದಂತಾಗುತ್ತಿತ್ತು ಅವಳಿಗೆ.

ಈ ಸಿನಿಮಾ ಮಾಡಿದ್ದೇ ಆ ಬೆಂಕಿಯಿಂದ. ಕಥೆ ನಡೆಯುವುದೆಲ್ಲ ಒಂದು ಸಾವಿನ ಮನೆಯಲ್ಲಿ. ಅಪ್ಪನ ಹೆಣ ಕಾಯುವ ಮಗಳು, ಊರ ವಾಡಿಕೆಯಂತೆ ದಿನವೂ ಬಂದು ಇಸ್ಪೀಟಾಡಿ ಕಾಫಿ ಕುಡಿದು ಹೋಗುವ ಊರವರು, ಅವರ ನಡುವೆ ಯಾರಿಗೂ ಪರಿಚಯವಿಲ್ಲದ ಒಬ್ಬ ಮುದುಕಿ. ಆ ಮನೆಯನ್ನು ಜೆರ್ಲಿನ್ ಫೋನಿನಲ್ಲಿ ಕಂಡಂತೆಯೇ ಕಟ್ಟಿದ್ದಳು. ಕುವೈತಿನ ಸ್ನಾನದಮನೆಯಲ್ಲಿ ಬಾಗಿಲು ಹಾಕಿಕೊಂಡು ಅವಳು ಅಪ್ಪನನ್ನು ನೋಡಿದ್ದು ಫೋನಿನಲ್ಲೇ. ಇಲ್ಲಿ ಯಾರೋ ಪುಣ್ಯಾತ್ಮರು ಪೆಟ್ಟಿಗೆಯ ತಲೆದೆಸೆಯಲ್ಲಿ ಫೋನು ನಿಲ್ಲಿಸಿದ್ದರು. ಪೆಟ್ಟಿಗೆಯ ಗಾಜು, ಬಿಳಿ ದೀಪಗಳು, ಇಸ್ಪೀಟಿನ ಮೇಜು, ಬಿಸ್ಕತ್ತಿನ ಡಬ್ಬ, ಅತ್ತೆಯ ಬೆನ್ನು, ಎಲ್ಲ ಅದರಲ್ಲಿ ಕಂಡಿತ್ತು. ಇವತ್ತು ಅತ್ತೆ ನೋಡಿ, ಹೌದು, ಹೀಗೇ ಇತ್ತು ಅನ್ನಬೇಕು. ಅಷ್ಟಾದರೆ ಸಾಕು, ಉಳಿದವರು ಮುಖಕ್ಕೆ ಉಗಿದರೂ ಚಿಂತೆಯಿಲ್ಲ ಎಂದುಕೊಂಡು ಅವಳು ಪಕ್ಕದ ಗೋಡೆಗೆ ಒರಗಿ ನಿಂತಳು. ಪರದೆ ನೋಡಲಿಲ್ಲ, ಜನರ ಮುಖ ನೋಡಿದಳು.

ಬಾಗುಂಬಾನಿನವರು ಬಾಯಿ ಮುಚ್ಚಿಕೊಂಡು ಸಿನಿಮಾ ನೋಡುವ ಜನವಲ್ಲ. ಮೀನು ಮಾರುವ ಬೆಬಿಂಗ್, ಮುದುಕಿ ತೆರೆಯ ಮೇಲೆ ಬಂದಾಗಲೆಲ್ಲ, ಅವಳ ನೆರಳು ನೋಡ್ರೋ, ನೆರಳು ನೋಡ್ರೋ ಎಂದು ಅಕ್ಕಪಕ್ಕದವರ ತೊಡೆಗೆ ಬಡಿಯುತ್ತಿದ್ದಳು. ಊರಿನ ಮುಖಂಡ ನೊನಾತೊ, ಹೋದ ಚುನಾವಣೆಯಲ್ಲಿ ಎದೆಯುಬ್ಬಿಸಿ ಮೆರವಣಿಗೆ ಹೋದ ಆಸಾಮಿ, ಎರಡೂ ಕಾಲು ಎತ್ತಿ ಕುರ್ಚಿಯ ಮೇಲಿಟ್ಟುಕೊಂಡಿದ್ದ. ಕೆಳಗಿನಿಂದ ಯಾರಾದರೂ ಕಾಲು ಹಿಡಿದಾರು ಎಂಬ ಭಯವೇ ಎಂದು ಹಿಂದಿನವರು ಕೇಳಿದ್ದಕ್ಕೆ, ಸೊಳ್ಳೆ ಎಂದ. ಮುದುಕಿ ಕಾಫಿ ಲೋಟವನ್ನು ತುಟಿಗಿಟ್ಟು, ಒಂದು ಹನಿಯೂ ಕಡಿಮೆಯಾಗದಂತೆ ಕೆಳಗಿಟ್ಟಾಗ ಮುನ್ನೂರು ಜನರೂ ಒಟ್ಟಿಗೆ ಉಸಿರು ಎಳೆದುಕೊಂಡದ್ದು ಜೆರ್ಲಿನ್‌ಗೆ ಕೇಳಿಸಿತು. ಅವಳ ಮೈ ಜುಮ್ಮೆಂದಿತು. ಅತ್ತೆ ಮಾತ್ರ ಕಲ್ಲಿನ ಹಾಗೆ ಕೂತಿದ್ದಳು.

ಮೂರನೆಯ ರಾತ್ರಿಯ ದೃಶ್ಯ ಬಂತು. ಮುದುಕಿ ಹೊರಡಲು ಎದ್ದಳು. ಮಗಳೂ ಎದ್ದಳು, ಅವಳ ಕೈ ಹಿಡಿದು ಮೆಲ್ಲಗೆ ಬಾಗಿಲ ತನಕ ನಡೆಸಿಕೊಂಡು ಹೋದಳು. ಜೆರ್ಲಿನ್ ಬಹಳ ಪ್ರೀತಿಯಿಂದ ಚಿತ್ರಿಸಿದ್ದ ದೃಶ್ಯ ಅದು. ಮಗಳು ಎಂಥ ಒಳ್ಳೆಯವಳು ಎಂದು ತೋರಿಸಬೇಕಿತ್ತು, ಅಷ್ಟೇ.

ಅಂಗಳದಲ್ಲಿ ಹಾಹಾಕಾರವೆದ್ದಿತು. ಹೆಂಗಸರು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು. ಬೆಬಿಂಗ್ ಎದ್ದೇ ನಿಂತು ಪರದೆಯ ಹುಡುಗಿಗೆ ಗದರಿದಳು.

"ಕೈ ಬಿಡೇ, ದಡ್ಡಿ! ಸತ್ತ ಮನೆಯವರು ಬಂದವ್ರನ್ನ ಬಾಗಿಲ ತನಕ ಬಿಡ್ತಾರೇನೇ? ಸಾವು ಹಿಂದೇನೇ ಹೋಗುತ್ತೆ ಕಣೇ!"

ಈ ಪದ್ಧತಿ ಜೆರ್ಲಿನ್‌ಗೆ ಗೊತ್ತಿರಲಿಲ್ಲ. ಆರು ವರ್ಷದವಳಿದ್ದಾಗ ಅಮ್ಮ ತೀರಿಕೊಂಡಿದ್ದಳು. ಆ ರಾತ್ರಿಗಳಲ್ಲೆಲ್ಲ ಅವಳನ್ನು ಪಕ್ಕದ ಮನೆಯಲ್ಲಿ ಮಲಗಿಸಿದ್ದರು. ಹತ್ತನೆಯ ವಯಸ್ಸಿಗೆ ಮನಿಲಾ ಸೇರಿದಳು, ಅಲ್ಲಿಂದ ಕುವೈತು. ಅಪ್ಪನ ಸಾವಿನಲ್ಲಿ ಕಂಡದ್ದು ಫೋನಿಗೆ ಕಂಡಷ್ಟೇ, ಆ ಫೋನಿಗೆ ಬಾಗಿಲು ಕಾಣುತ್ತಿರಲಿಲ್ಲ. ಚಿತ್ರೀಕರಣದ ದಿನ ಮುದುಕಿಯ ಪಾತ್ರ ಮಾಡಿದಾಕೆ ಒಮ್ಮೆ ಹುಬ್ಬೇರಿಸಿದ್ದೇನೋ ನಿಜ. ಡೈರೆಕ್ಟರು ಬೇಕೆಂದೇ ಮಾಡುತ್ತಿದ್ದಾಳೆ ಎಂದುಕೊಂಡು ಆಕೆ ಸುಮ್ಮನಾಗಿದ್ದಳು.

ಆಗ ಅತ್ತೆ ಕತ್ತು ತಿರುಗಿಸಿ ಗೋಡೆಯ ಕಡೆ ನೋಡಿದಳು. ಒಂದೇ ನೋಟ. ಅವಳಿಗೆ ಎಲ್ಲ ಗೊತ್ತಾಗಿಹೋಯಿತು ಎಂದು ಜೆರ್ಲಿನ್‌ಗೂ ಗೊತ್ತಾಯಿತು.

ಅಲ್ಲಿಂದ ಮುಂದೆ ಸಿನಿಮಾ ಜೆರ್ಲಿನ್‌ಳ ಕೈಯಲ್ಲೇ ಇರಲಿಲ್ಲ, ಊರವರ ಕೈಗೆ ಹೋಗಿತ್ತು. ಮನೆಯ ದೀಪ ಒಂದೊಂದೇ ಆರಿದಾಗ, ಮಗಳ ಹೆಸರನ್ನು ಹೊರಗಿನ ಕತ್ತಲಿನಿಂದ ಯಾರೋ ಕರೆದಾಗ, ಎಲ್ಲರಿಗೂ ಕಾರಣ ಮೊದಲೇ ಗೊತ್ತಿತ್ತು: ಬಾಗಿಲ ತನಕ ಹೋದಳಲ್ಲ, ಇನ್ನೇನಾಗುತ್ತದೆ! ಅವಳು ಹೆದರಿಕೆಗೆಂದು ಇಟ್ಟಿದ್ದ ಜಾಗಗಳಲ್ಲಿ ಜನ ಹೆದರಿದರು ನಿಜ, ಏನೂ ಇಡದ ಜಾಗದಲ್ಲಿ ಅದಕ್ಕಿಂತ ಹೆಚ್ಚು ಹೆದರಿದರು. ಮುಗಿದಾಗ ಚಪ್ಪಾಳೆಗೆ ತಗಡಿನ ಚಾವಣಿ ಹಾರಿಹೋಗುವುದೊಂದು ಬಾಕಿ. ನೊನಾತೊ ಕಾಲು ಇಳಿಸಿ, ಇಷ್ಟು ವರ್ಷದಲ್ಲಿ ಇಂಥದ್ದು ನೋಡೇ ಇಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಬೆಬಿಂಗ್ ಬಂದು ಮೀನಿನ ಕೈಯಲ್ಲೇ ಅವಳ ಕೆನ್ನೆ ಹಿಂಡಿದಳು.

ಶಾಲೆಯ ಟೀಚರ್ ಸೊಲೆದಾದ್ ಮೈಕು ಹಿಡಿದರು. ಸೊಲೆದಾದ್ ಸುಮ್ಮಸುಮ್ಮನೆ ಯಾರನ್ನೂ ಹೊಗಳುವವರಲ್ಲ; ಇಡೀ ಊರಿಗೇ ಕಡಿಮೆ ಅಂಕ ಕೊಟ್ಟು ಹೆಸರು ಮಾಡಿದವರು. ಅವರು ಹೇಳಿದ್ದು ಇಷ್ಟು: ಬೇರೆಯವರು ರಕ್ತ ತೋರಿಸಿ ಹೆದರಿಸುತ್ತಾರೆ, ಈ ಹುಡುಗಿ ಒಂದು ಒಳ್ಳೆಯತನ ತೋರಿಸಿ ಹೆದರಿಸಿದ್ದಾಳೆ. ಮಗಳು ಆ ಬಾಗಿಲ ತನಕ ನಡೆದಳಲ್ಲ, ಇಡೀ ಸಿನಿಮಾ ನಿಂತಿರುವುದೇ ಅಲ್ಲಿ. ಅದು ಹೇಗೆ ಹೊಳೆಯಿತು ಎಂದು ಡೈರೆಕ್ಟರ್ ನಮಗೆ ಹೇಳಬೇಕು.

ಮೈಕು ಜೆರ್ಲಿನ್‌ಳ ಕೈಗೆ ಬಂತು. ಹೂಂ ಎಂದು ಒಂದು ನಗು ನಕ್ಕಿದ್ದರೆ ಮುಗಿದುಹೋಗುತ್ತಿತ್ತು. ನಾಳೆ ಮನಿಲಾದಲ್ಲೂ ಅದನ್ನೇ ಹೇಳಬಹುದಿತ್ತು. ಅವಳು ಮೊದಲ ಸಾಲಿನ ಕಡೆ ನೋಡಿದಳು. ಅತ್ತೆ ಕೈಕಟ್ಟಿ ಕೂತು ಕಾಯುತ್ತಿದ್ದಳು.

"ನಂಗೆ ಹೊಳೀಲಿಲ್ಲ ಟೀಚರ್. ಹಂಗೆ ಬಿಡಬಾರದು ಅಂತಾನೇ ನಂಗೆ ಗೊತ್ತಿರ್ಲಿಲ್ಲ," ಎಂದಳು ಜೆರ್ಲಿನ್. "ಅಪ್ಪ ಸತ್ತಾಗ ನಾನು ಇರ್ಲಿಲ್ಲ. ಎಲ್ಲ ಫೋನಲ್ಲಿ ನೋಡಿದ್ದು. ಬಾಗಿಲು ಕಾಣ್ತಿರ್ಲಿಲ್ಲ."

ಸೊಲೆದಾದ್ ಟೀಚರ್ ಕನ್ನಡಕ ತೆಗೆದು ಒರೆಸಿಕೊಂಡು, ಆದರೂ ನಾನು ಕೊಟ್ಟ ಅಂಕ ಹಿಂದೆ ತಗೊಳ್ಳೋದಿಲ್ಲ ಎಂದರು. ಗೊತ್ತಿಲ್ಲದೆ ಮಾಡಿದ್ದೇ ಇಷ್ಟು ನಡುಗಿಸಿದರೆ, ಗೊತ್ತಿದ್ದು ಮಾಡಿದ್ದರೆ ನಾವು ಬದುಕುತ್ತಿದ್ದೆವೇ ಎಂದ ನೊನಾತೊ. ಜನ ನಕ್ಕರು, ನಗುವಿನಲ್ಲಿ ಕೊಂಕು ಇರಲಿಲ್ಲ, ಮರುಕವೂ ಮೆಚ್ಚುಗೆಯೂ ಇತ್ತು. ಅತ್ತೆ ನಗಲಿಲ್ಲ.

ಜನ ಏಳತೊಡಗಿದರು. ಇಷ್ಟು ಜನ ಬಂದು ನೋಡಿದ್ದಾರೆ, ಬೀಳ್ಕೊಡುವುದು ಮರ್ಯಾದೆ ಎಂದು ಜೆರ್ಲಿನ್ ಕಣ್ಣು ಒರೆಸಿಕೊಂಡು ಟಾರ್ಪಾಲಿನ ಬಾಗಿಲ ಕಡೆಗೆ ಹೊರಟಳು. ಮೊದಲ ಸಾಲು ದಾಟುವಾಗ ಅತ್ತೆಯ ಕೈ ಅವಳ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿಯಿತು.

"ಎಲ್ಲಿಗೆ ಹೊರಟೆ?" ಎಂದಳು ಪ್ಲಾಸಿದಾ ಅತ್ತೆ. "ಕೂತ್ಕೊ ಇಲ್ಲಿ. ನಾವು ಮನೆಯವ್ರು. ನಾವು ಬಾಗಿಲ ತನಕ ಹೋಗ್ಬಾರ್ದು."

ಜೆರ್ಲಿನ್ ಪಕ್ಕದ ಕುರ್ಚಿಯಲ್ಲಿ ಕುಸಿದು, ಅತ್ತೆಯ ಭುಜಕ್ಕೆ ಮುಖ ಒತ್ತಿ, ಅಪ್ಪಾ ಎಂದು ಅತ್ತಳು. ಅತ್ತೆ ಹಿಡಿದ ಕೈ ಬಿಡಲಿಲ್ಲ. ಊರವರಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ. ಹೋಗಿಬರುತ್ತೇವೆ ಎಂದು ಒಬ್ಬರೂ ಅನ್ನದೆ, ಒಬ್ಬರ ಹಿಂದೊಬ್ಬರು ಟಾರ್ಪಾಲು ಸರಿಸಿಕೊಂಡು ತಮ್ಮಷ್ಟಕ್ಕೆ ತಾವೇ ಹೊರಗೆ ನಡೆದರು.