ಕ್ಯಾಬಿನ್ ಹಿಂದಿನ ಎರಡು ಮೊಳ

ಇಪ್ಪತ್ತನಾಲ್ಕು ಪೆಟ್ಟಿಗೆ ಸಾಕೇ, ಇನ್ನೂ ಹತ್ತು ಎತ್ತಿಡಬೇಕಿತ್ತೇ? ಲಾರಿಗಳನ್ನು ತೂಗುವ ವೇಬ್ರಿಜ್ಜಿನ ಮುಂದಿನ ಸಾಲಿನಲ್ಲಿ ಲಾರಿ ಒಂದೊಂದೇ ಗಜ ಸರಿಯುತ್ತಿತ್ತು. ಚಾಲಕನ ಯೋಚನೆ ಮಾತ್ರ ಇದ್ದಲ್ಲೇ ಇತ್ತು. ಒಟ್ಟು ತೂಕದ ಬಗ್ಗೆ ಅವನಿಗೆ ಹೆದರಿಕೆಯಿರಲಿಲ್ಲ. ಹೆದರಿಕೆಯೆಲ್ಲ ಹಿಂದಿನ ಆಕ್ಸಲ್‌ನದು, ಹಿಂಚಕ್ರಗಳ ಅಚ್ಚಿನದು. ಅದೊಂದರ ಮೇಲೆ ಭಾರ ಮಿತಿ ಮೀರಿತೆಂದು ಈ ವರ್ಷ ಎರಡು ಸಲ ದಂಡ ಬಿದ್ದಿತ್ತು. ಮೂರನೆಯದು ಬಿದ್ದರೆ ಲೈಸೆನ್ಸ್ ಆರು ತಿಂಗಳು ಅಮಾನತು.

ಪಕ್ಕದಲ್ಲಿ ಮಾವ, ಅವನ ಹೆಂಡತಿಯ ತಂದೆ, ಕಿಟಕಿಗೆ ಮೊಣಕೈ ಊರಿ ಕುಳಿತಿದ್ದರು. ನಲವತ್ತು ವರ್ಷ ಲೋಡು ಹೊಂದಿಸಿದವರು. ಅವರ ಹಳೆಯ ಲಾರಿಯಲ್ಲಿ ಸ್ಟೆಪ್ನಿ ಚಕ್ರ ಕ್ಯಾಬಿನ್ನಿನ ಹಿಂದೆ ನಿಲ್ಲುತ್ತಿತ್ತು. ಅದಕ್ಕೆಂದು ಅಲ್ಲಿ ಎರಡು ಮೊಳ ಜಾಗ ಬಿಡುವುದು ರೂಢಿ. ಈ ಲಾರಿಯಲ್ಲಿ ಸ್ಟೆಪ್ನಿ ಚಾಸಿಯ ಕೆಳಗೆ ನೇತಾಡುತ್ತದೆ. ಆದರೂ ಅವರ ಕೈ ಜಾಗ ಬಿಡುತ್ತದೆ, ಸರಕೆಲ್ಲ ಹಿಂದಕ್ಕೆ ಸರಿಯುತ್ತದೆ. ಇದು ಅವನಿಗೆ ಹೊಳೆದದ್ದೇ ಇವತ್ತು. ಊಟಕ್ಕೆ ನಿಂತಾಗ, ಮಾವ ಮರದ ನೆರಳಲ್ಲಿ ಕಣ್ಣು ಮುಚ್ಚಿದ ಹೊತ್ತಿನಲ್ಲಿ, ಹಗ್ಗ ಬಿಚ್ಚಿ, ಹಿಂದಿನ ತುದಿಯ ಇಪ್ಪತ್ತನಾಲ್ಕು ಟೈಲ್ಸ್ ಪೆಟ್ಟಿಗೆಗಳನ್ನು ಹೊತ್ತು ಆ ಜಾಗಕ್ಕೆ ತುಂಬಿದ್ದ.

“ಏನ್ ಅಳಿಯಂದ್ರೇ, ಮದುವೆ ದಿನಾನೂ ಇಷ್ಟು ಬೆವರಿರ್ಲಿಲ್ಲ ನೀವು!”

“ಬಿಸಿಲು ಮಾವ.”

“ಬಿಸಿಲಲ್ಲ, ಭಯ. ಲೋಡ್ ಮಾಡಿದ್ದು ನಾನು ಕಣ್ರೀ!”

‘ಅದಕ್ಕೇ ಭಯ’ ಎನ್ನುವ ಮಾತು ನಾಲಿಗೆಯ ತುದಿಯಲ್ಲೇ ಉಳಿಯಿತು.

ಮುಂದಿನ ಚಕ್ರಗಳು ತೂಕದ ಹಲಗೆಯೇರಿ ಇಳಿದವು. ಹಸಿರು ದೀಪ. ಹಿಂದಿನವು ಏರಿದವು. ಗಾಜಿನ ಕೋಣೆಯಲ್ಲಿದ್ದ ಗುಮಾಸ್ತೆ ಪರದೆ ನೋಡಿದಳು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದಳು.

“ಮಿತಿಗಿಂತ ನಲವತ್ತು ಕೆ.ಜಿ. ಕಮ್ಮಿ. ನಡೀರಿ. ಅಲ್ಲಾ, ಅಳೆದೂ ತೂಗೀ ಜೋಡಿಸ್ದಂಗಿದೆ, ಯಾರ್ರೀ ಲೋಡ್ ಮಾಡಿದ್ದು?”

ಮಾವ ಕಿಟಕಿಯಿಂದ ಅರ್ಧ ಹೊರಗೆ ಬಂದರು. “ನಾನಮ್ಮಾ! ಬರೀ ಕಣ್ಣಳತೆ!”

ಗೇಟು ದಾಟಿದ ಮೇಲೆ ಚಾಲಕ ಖಾಲಿ ರಸ್ತೆಯಲ್ಲಿ ಯಾರಿಗೂ ಅಲ್ಲದೆ ಎರಡು ಸಲ ಹಾರ್ನ್ ಒತ್ತಿದ. ಮಾವ ನಕ್ಕರು. ಅವನೂ ನಕ್ಕ, ಕಣ್ಣಲ್ಲಿ ನೀರು ಬರುವಷ್ಟು.

ಗೋದಾಮಿನಲ್ಲಿ ಮಾವ ಹಗ್ಗಕ್ಕೆ ಕೈ ಹಾಕಿದರು. ಗಂಟು ಅವರದಾಗಿರಲಿಲ್ಲ. ಅವರದು ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುತ್ತದೆ. ಇದು ಅಳಿಯನ ಒರಟು ಗಂಟು. ಅದನ್ನು ಹಿಡಿದುಕೊಂಡೇ ಕ್ಯಾಬಿನ್ನಿನ ಹಿಂದೆ ತಾವು ಬಿಟ್ಟಿದ್ದ ಜಾಗದತ್ತ ನೋಡಿದರು; ಅಲ್ಲೂ ಪೆಟ್ಟಿಗೆಗಳಿದ್ದವು. ಆಮೇಲೆ ಉಗುರು ಸಿಕ್ಕಿಸಿ, ಆತುರವಿಲ್ಲದೆ ಸಡಿಲಿಸಿದರು.

ಟೈಲ್ಸ್ ಇಳಿಸಿ, ವಾಪಸು ಒಯ್ಯುವ ಸಿಮೆಂಟು ಮೂಟೆಗಳನ್ನು ಏರಿಸುವಾಗ ಮೊದಲನೆಯದನ್ನು ಕ್ಯಾಬಿನ್ನಿಗೆ ಅಂಟಿಸಿಯೇ ಇಟ್ಟರು.

“ಈ ಲಾರಿಗೆ ಹೀಗೇ ಸರಿ, ಅಲ್ವಾ?”

“ನಿಮಗೆ ಗೊತ್ತಿಲ್ದೇ ಇರೋದು ಏನಿದೆ ಮಾವ.”

ಪೆಟ್ಟಿಗೆಗಳನ್ನು ಹೊತ್ತು ಹಾಕಿದ್ದು ತಾನೆಂದು ಅವನು ಎಂದೂ ಹೇಳಲಿಲ್ಲ.