ಅರ್ಧ ಹೊಂದಿಕೆ

ನಿನ್ನೆ ಅವ್ವ ಸೆರಗಿನಲ್ಲಿ ಮುಚ್ಚಿ ತಂದ ಒಣಮೀನು ತಿಂದುಬಿಟ್ಟಿದ್ದೇನೆ. ಇವತ್ತು ಆಸ್ಪತ್ರೆಯಲ್ಲಿ ನೋಡಿದರೂ ಅದು ರಕ್ತದಲ್ಲಿ ಕಾಣುವುದಿಲ್ಲವೆಂದು ಬಿ.ಎಸ್ಸಿ. ಓದಿದ ನನಗೆ ಗೊತ್ತು. ಆದರೂ ಎದ್ದಾಗಿನಿಂದ ಒಂದೇ ಭಯ, ಕಂಡುಬಿಟ್ಟರೆ?

"ಬಾಯಿ ತಗಿ," ಎಂದಳು ಸಾವಕ್ಕ, ಅಂದಪ್ಪಗೌಡರ ತಾಯಿ.

ತೆರೆದೆ. ಮೈ ತಾಗದಷ್ಟು ದೂರದಿಂದ ಬಗ್ಗಿ ಮೂಸಿದಳು. ಗೌಡರ ದನದ ಮನೆಯಲ್ಲಿ ನನ್ನನ್ನು ಇಟ್ಟು ತಿಂಗಳಾಗುತ್ತ ಬಂತು. ದಿನವೂ ಇದೇ.

"ಇದೇನಲೇ ನಾತ? ಖಂಡ ತಿಂದಿಯೇನ, ರಂಡಿ? ನಿನ್ನ ರಕ್ತ ತಿಳಿ ಆಗ್ಲೆಂತ ಹಾಲು ತುಪ್ಪ ಸುರುವಾಕತ್ತೇನಿ. ಇಷ್ಟು ಎಮ್ಮಿಗೆ ಹಾಕಿದ್ರ ಹಯನರ ಆಗ್ತಿತ್ತು."

"ಇಲ್ರಿ ಅವ್ವಾರ," ಅಂದೆ.

ಗೌಡರ ಮಗ ವೀರುವಿಗೆ ಹುಟ್ಟಿನಿಂದ ಥಲಸ್ಸೇಮಿಯಾ, ಮೈಯಲ್ಲಿ ಸಾಕಷ್ಟು ರಕ್ತ ಹುಟ್ಟದ ರೋಗ. ಆಗಾಗ ಗದಗಕ್ಕೆ ಹೋಗಿ ರಕ್ತ ಹಾಕಿಸಿಕೊಂಡು ಬರುತ್ತಾನೆ. ಆ ಚೀಲದ ರಕ್ತ ಯಾರದೆಂದು ಸಾವಕ್ಕ ಎಂದೂ ಕೇಳಿದವಳಲ್ಲ. ಬೇರೆಯವರ ಎಲುಬಿನ ಮಜ್ಜೆ ಹಾಕಿದರೆ ಹುಡುಗ ಗುಣವಾಗುತ್ತಾನೆ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದ ಮೇಲೆ ಕೇಳುವುದು ಶುರುವಾಯಿತು. ಒಡಹುಟ್ಟಿದ ಅಕ್ಕನದು ಹೊಂದಲಿಲ್ಲ. ಗೌಡರ ಹೃದಯ ದುರ್ಬಲ. ಗೌಡತಿ ಅನ್ನಪೂರ್ಣ ಕೊಟ್ಟರೆ ಮಗನ ಮೈ ಅದನ್ನು ಒಪ್ಪುವುದಿಲ್ಲವಂತೆ. ಅರ್ಧವಾದರೂ ಹೊಂದುವ ರಕ್ತಸಂಬಂಧಿ ಇದ್ದರೆ ನೋಡಿ ಎಂದರು ಡಾಕ್ಟರು. ಆ ವಾರವೇ ಗೌಡರ ಜೀಪು ನಮ್ಮ ಕೇರಿಗೆ ಬಂತು. ಗೌಡರು ಇಳಿಯದೆ ಒಳಗಿನಿಂದಲೇ ಹೇಳಿದರು.

"ಹನಮಂತವ್ವ, ನಿನ್ನ ಮಗಳನ್ನ ತಪಾಸಣಿಗೆ ಕಳಸು."

ಅವ್ವ ಜೋಳ ಹಸನು ಮಾಡುತ್ತಿದ್ದ ಮೊರ ಕೆಳಗಿಟ್ಟಳು. "ಅಕಿನ್ನ ಯಾಕ್ರಿ?"

"ಯಾಕಂತ ನನಗ ಗೊತ್ತೈತಿ, ನಿನಗ ಗೊತ್ತೈತಿ. ಬಾಯಿ ಬಿಟ್ರ ನಿಮ್ಮಿಬ್ಬರದೂ ನಾಲಿಗಿ ಕೀಳತೇನಿ."

ಕೇರಿಯ ಹೆಂಗಸರು ಗೌಡರ ಮೂಗಿನಂತೆಯೇ ಇರುವ ನನ್ನ ಮೂಗು ನೋಡಿ ಯಾಕೆ ನಗುತ್ತಿದ್ದರೆಂದು ಅಂದು ತಿಳಿಯಿತು. ಅವ್ವ ನನ್ನ ಮುಖ ನೋಡಲಿಲ್ಲ.

"ಗೌಡ್ರ ಹೊಲಕ್ಕ ಹತ್ತಿ ಬಿಡಸಾಕ ಹೋಗಿದ್ನಿ," ಎಂದಳು. "ಎಲ್ಲಾರೂ ಮನಿಗೆ ಬಂದ್ರು. ನಾ ಒಬ್ಬಾಕಿನ ಹಿಂದ ಉಳದಿದ್ನಿ."

ಅಷ್ಟೇ. ಮತ್ತೆ ಮೊರ ಎತ್ತಿಕೊಂಡಳು.

ತಪಾಸಣೆಯಲ್ಲಿ ನನ್ನದು ಅರ್ಧ ಹೊಂದಿದ ಮೇಲೆ ನನ್ನನ್ನು ದನದ ಮನೆಗೆ ತಂದಿಟ್ಟರು. ಇವತ್ತು ಹುಬ್ಬಳ್ಳಿಗೆ ಹೊರಟಾಗ ನನಗೂ ಅವ್ವನಿಗೂ ಜೀಪಿನ ಹಿಂದಿನ ಸೀಟಿನ ಮೇಲೆ ಗೋಣಿತಟ್ಟು ಹಾಸಿದ್ದರು. ಆಸ್ಪತ್ರೆಯಲ್ಲಿ ಅವ್ವ ಡಾಕ್ಟರರ ಕೋಣೆಯ ಹೊರಗೆ, ನೆಲದ ಮೇಲೆ ಕುಳಿತಳು. ಗೌಡರ ಮನೆಯವರ ಜೊತೆ ನಾನು ಒಳಗೆ ಹೋದೆ; ಬಾಗಿಲು ಅರ್ಧ ತೆರೆದೇ ಇತ್ತು.

"ಸೊಂಟದ ಎಲುಬಿನಿಂದ ಮಜ್ಜಿ ತಗೀತೇವಿ," ಡಾಕ್ಟರು ನನಗೆ ಹೇಳಿದರು. "ಮನಸಿಲ್ಲಂದ್ರ ಈಗ ಬ್ಯಾಡ ಅನ್ರಿ. ಔಷಧದಿಂದ ಹುಡುಗನ ಮಜ್ಜಿ ಸುಟ್ಟ ಮ್ಯಾಲ ನೀವು ಹಿಂದ ಸರದ್ರ ಅಂವ ಉಳಿಯೂದಿಲ್ಲ."

ಅನ್ನಪೂರ್ಣ ನನ್ನ ಮುಂಗೈ ಹಿಡಿದುಕೊಂಡಳು. ಆ ಮನೆಯವರು ಯಾರಾದರೂ ನನ್ನನ್ನು ಮುಟ್ಟಿದ್ದು ಅದೇ ಮೊದಲು. "ಬ್ಯಾಡ ಅನಬ್ಯಾಡವಾ," ಎಂದಳು.

"ಡಾಕ್ಟರ," ಸಾವಕ್ಕ ನಡುವೆ ಬಾಯಿ ಹಾಕಿದಳು, "ಆಮ್ಯಾಲ ಹುಡುಗನ ಮೈಯಾಗ ಯಾರ ರಕ್ತ ಇರತೈತಿ?"

"ಕೊಟ್ಟವರದ. ಜೀವ ಇರೂತನಕ ಇವರ ಗುಂಪಿನ ರಕ್ತನ ಹುಟ್ಟತೈತಿ."

"ಹಂಗಾರ ನಮ್ಮ ಕೂಸು ಕೇರಿಯಾಂವ ಆಗತಾನೇನು?"

"ಸುಮ್ನಿರಬೇ," ಎಂದರು ಗೌಡರು. "ಅವಗ ಸ್ವಾಮಿಗಳ ಕಡಿಂದ ಶುದ್ಧಿ ಮಾಡಸೋಣು. ಇಕಿನ್ನ ಊರು ಬಿಡಸೋಣು." ನಾನು ಅಲ್ಲಿ ಕುಳಿತೇ ಇಲ್ಲವೆಂಬಂತೆ ಹೇಳಿದರು.

ಡಾಕ್ಟರು ಕನ್ನಡಕ ತೆಗೆದರು. "ಇವರು ಹುಡುಗಗ ಏನಾಗಬೇಕ್ರಿ?"

"ನಮ್ಮ ಆಳಿನ ಮಗಳ್ರಿ. ಉಂಡ ಮನಿ ಋಣ ತೀರಸಾಕತ್ತಾಳ."

"ಆಳಿನ ಮಗಳದು ಹಿಂಗ ಹೊಂದೂದಿಲ್ರಿ ಗೌಡ್ರ. ಹುಡುಗಗ ನಿಮ್ಮಿಂದ ಬಂದ ಅರ್ಧ ಇವರ ರಕ್ತದಾಗೂ ಹಂಗ ಐತಿ." ಅವರು ನನ್ನ ಕಡೆ ತಿರುಗಿದರು. "ಹುಡುಗಗ ಏನಾಗಬೇಕಂತ ನೀವ ಹೇಳ್ರಿ."

ಮೇಜಿನ ಕೆಳಗೆ ಗೌಡರ ಬೂಟು ನನ್ನ ಕಾಲ್ಬೆರಳುಗಳ ಮೇಲೆ ಬಂದು ನಿಂತಿತು. ಒತ್ತಿತು. ಅನ್ನಪೂರ್ಣಳ ಕೈ ಇನ್ನೂ ನನ್ನ ಕೈಮೇಲಿತ್ತು, ನಿಧಾನವಾಗಿ ತಣ್ಣಗಾಗುತ್ತಿತ್ತು. ಹೊರಗೆ ಅವ್ವನ ಕೆಮ್ಮು ಕೇಳಿಸಿತು. ನಾನು ಹೇಳುವುದು ಅವಳಿಗೂ ಕೇಳಿಸುತ್ತದೆ.

"ನಾನು ಅಂದಪ್ಪನ ಮಗಳು," ಎಂದೆ. "ನಮ್ಮವ್ವ ಅವತ್ತ ಹೂಂ ಅಂದಿದ್ದಿಲ್ರಿ."