ನಾದಿನಿಯ ಫೋನಿಗೆ ಬಾಯಿ ಬಂದ ದಿನ

ನನ್ನ ನಾದಿನಿ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಬಸ್ಸುಗಳನ್ನು ಕೂಗುವ ಕೆಲಸದಲ್ಲಿದ್ದಳು. ನಾನು ಮದುವೆಯಾಗಿ ಈ ಮನೆಗೆ ಬಂದಾಗ ಅವಳಿನ್ನೂ ಶಾಲೆಗೆ ಹೋಗುತ್ತಿದ್ದ ಹುಡುಗಿ. ಆಗಲೇ ಅವಳು ಅಡುಗೆಮನೆಯಿಂದ ‘ಅತ್ತಿಗೇ’ ಎಂದು ಕರೆದರೆ ಬೀದಿಯಲ್ಲಿ ಹೋಗುವ ಇನ್ಯಾರದೋ ಅತ್ತಿಗೆ ನಿಂತು ತಿರುಗಿ ನೋಡಬೇಕು, ಅಂಥ ಗಂಟಲು. ಹೋದ ವರ್ಷ ಅದೇ ಗಂಟಲಿಗೆ ಆಪರೇಷನ್ ಆಯಿತು. ಜೀವಕ್ಕೇನೂ ಆಗಲಿಲ್ಲ, ದನಿ ಮಾತ್ರ ಹೋಯಿತು.

ಅಂದಿನಿಂದ ಅವಳ ಬಾಯಿ ಎಂದರೆ ಫೋನು. ಅವಳು ಟೈಪ್ ಮಾಡುತ್ತಾಳೆ, ಅದು ಓದಿ ಹೇಳುತ್ತದೆ. ಆ ದನಿಗೆ ನಗು ಗೊತ್ತಿಲ್ಲ, ಸಿಟ್ಟು ಗೊತ್ತಿಲ್ಲ. ಹಾಗಾಗಿ ಅವಳ ಚೇಷ್ಟೆಗೆ ಇನ್ನಷ್ಟು ಖಾರ ಬಂದಿದೆ. ನಾನು ಮನೆಯೆಲ್ಲ ತಡಕಾಡುತ್ತಿದ್ದರೆ ಫೋನು ತಣ್ಣಗೆ ಹೇಳುತ್ತದೆ: “ಅತ್ತಿಗೆ, ಕನ್ನಡಕ ನಿಮ್ಮ ತಲೆ ಮೇಲೇ ಇದೆ. ಹುಡುಕೋದು ಮುಂದುವರಿಸಿ.”

ತೊಂದರೆ ಏನೆಂದರೆ, ಆ ಫೋನು ಅಂಗಡಿಯಿಂದ ಬರುವಾಗಲೇ ತನ್ನ ಬಳಗವನ್ನೆಲ್ಲ ಕಟ್ಟಿಕೊಂಡು ಬಂದಿತ್ತು. ಹಣ್ಣು ಕತ್ತರಿಸುವ ಆಟ, ಬಟ್ಟೆ ಮಾರುವ ಆಪ್, ಬಿಸಿಲಿದ್ದಾಗ ಮಳೆ ಎನ್ನುವ ಹವಾಮಾನದ ಆಪ್, ಕಸ ಗುಡಿಸುತ್ತೇನೆಂದು ಹೇಳಿಕೊಂಡು ತಾನೇ ಕಸವಾಗಿ ಕೂತ ಇನ್ನೊಂದು. ಯಾವುದನ್ನೂ ತೆಗೆಯಲು ಬರುತ್ತಿರಲಿಲ್ಲ. ತೆಗೆದಂತೆ ಮಾಡಿದರೂ ನಾಲ್ಕು ದಿನ ಬಿಟ್ಟು ಅದೇ ಜಾಗದಲ್ಲಿ ಬಂದು ಕೂರುತ್ತಿದ್ದವು. ಅವು ಸುಮ್ಮನೆ ಕೂತಿದ್ದರೆ ನಮ್ಮದೇನೂ ಹೋಗುತ್ತಿರಲಿಲ್ಲ. ಆದರೆ ನಾದಿನಿ ಮಾತಾಡುವಾಗ ನಡುವೆ ಬಾಯಿ ಹಾಕುತ್ತಿದ್ದವು.

ನಿಲ್ದಾಣದ ಮ್ಯಾನೇಜರು ಅವಳನ್ನು ವಿಚಾರಣೆಯ ಕಿಟಕಿಗೆ ಹಾಕಿ ನೋಡೋಣ ಎಂದು ಒಪ್ಪಿದ್ದರು. ಅಲ್ಲಿ ಚೀಟಿಯಲ್ಲಿ ಬರೆದು ತೋರಿಸಿದರೆ ನಡೆಯುವುದಿಲ್ಲ. ಕಿಟಕಿಗೆ ಬರುವವರ ಕೈಯಲ್ಲಿ ಮಗು ಇರುತ್ತದೆ, ಗಂಟು ಇರುತ್ತದೆ. ಉತ್ತರ ಕಿವಿಗೆ ಬೀಳಬೇಕು. ಮೊದಲ ಸಲ ಕೂತ ದಿನ ಕೋಲೂರಿಕೊಂಡ ಒಬ್ಬ ಅಜ್ಜ ಬಂದು ತಮ್ಮ ಊರಿನ ಬಸ್ಸು ಎಲ್ಲಿ ನಿಲ್ಲುತ್ತದೆಂದು ಕೇಳಿದರು. ಫೋನು ಉತ್ತರ ಶುರುಮಾಡಿ ಅರ್ಧಕ್ಕೆ ಬಿಟ್ಟು, ಬ್ಯಾಂಡು ಬಾರಿಸಿ, ತಾವು ಬಹುಮಾನ ಗೆದ್ದಿದ್ದೀರಿ ಎಂದಿತು. ಪಾಪ, ಅಜ್ಜ ಬಹುಮಾನಕ್ಕೆ ಕಾಯುತ್ತಾ ನಿಂತರು. ಬಸ್ಸು ಹೋಯಿತು.

ಮ್ಯಾನೇಜರು ಕೆಟ್ಟವರಲ್ಲ. ಇನ್ನೊಂದು ಮಧ್ಯಾಹ್ನ ನೋಡೋಣ, ಆಗದಿದ್ದರೆ ನೆಲಮಾಳಿಗೆಯ ಪಾರ್ಸೆಲ್ ಕೋಣೆ ನೋಡಿಕೊಳ್ಳಿ ಎಂದರಂತೆ. ಹೇಳುವಾಗ ಅವರು ಅವಳ ಮುಖ ನೋಡಲಿಲ್ಲವಂತೆ, ಮೇಜಿನ ಮೇಲಿದ್ದ ಪಾರ್ಸೆಲ್ ಕೋಣೆಯ ಕೀಲಿಯನ್ನೇ ತಿರುಗಿಸುತ್ತಿದ್ದರಂತೆ. ಅಲ್ಲಿ ಪೆಟ್ಟಿಗೆಗಳ ಜೊತೆ ಮಾತೇ ಬೇಕಿಲ್ಲ. ಮನೆಗೆ ಬಂದವಳು ಅವತ್ತು ಫೋನನ್ನು ಮುಟ್ಟಲಿಲ್ಲ. ಜೀವಮಾನವೆಲ್ಲ ಜನರನ್ನು ಕೂಗಿ ಬಸ್ಸು ಹತ್ತಿಸಿದವಳನ್ನು ಪೆಟ್ಟಿಗೆಗಳ ಮಧ್ಯೆ ಕೂರಿಸಿದರೆ ಏನಾದೀತು ಎಂದು ನನಗೆ ಗೊತ್ತಿತ್ತು.

ನನ್ನ ಸೊಸೆ ಲಿಫ್ಟ್ ರಿಪೇರಿ ಮಾಡುವವಳು. ಫೋನಿನ ಯಂತ್ರವೂ ಅವಳಿಗೆ ಒಲಿದದ್ದೇ. ಹಿಂದೊಮ್ಮೆ ನನ್ನ ಫೋನಿನ ಪರದೆ ಒಡೆದು ಬೆರಳಿಗೆ ಜಗ್ಗದಾದಾಗ, ಅದಕ್ಕೊಂದು ಕಂಪ್ಯೂಟರಿನ ಮೌಸ್ ಚುಚ್ಚಿ ನನ್ನ ಫೋಟೋಗಳನ್ನೆಲ್ಲ ಹೊರಗೆ ತೆಗೆದುಕೊಟ್ಟಿದ್ದಳು. ಈ ಸಲ ಅವಳು ರೂಟ್ ಮಾಡಿಬಿಡೋಣ ಎಂದಳು. ಹಾಗೆಂದರೇನು ಎಂದು ನಾನು ಕೇಳಿದೆ.

“ಅತ್ತೆ, ಲಿಫ್ಟ್ ಒಳಗೆ ನಿಂತೋರಿಗೆ ಮಹಡಿ ಗುಂಡಿಗಳು ಮಾತ್ರ ಸಿಗುತ್ತೆ. ಮೇಲೆ ಮಷೀನ್ ರೂಮ್ ಇರುತ್ತಲ್ಲ, ಅದರ ಕೀಲಿ ಕಂಪನಿ ಹತ್ರ. ರೂಟ್ ಮಾಡೋದು ಅಂದ್ರೆ ಆ ಕೀಲಿ ನಾವು ಇಸ್ಕೊಳೋದು. ಆಮೇಲೆ ಯಾವ ತಂತಿ ಕಿತ್ತರೂ ಬೇಡ ಅನ್ನೋರಿಲ್ಲ. ನನಗೆ ಭಯ ಇರೋದೂ ಅದೇ.”

ಗ್ಯಾರಂಟಿ ಹೋಗುತ್ತದೆ, ಬೀಗ ತೆಗೆಯುವಾಗ ಫೋನು ತನ್ನೊಳಗಿದ್ದುದನ್ನೆಲ್ಲ ಅಳಿಸಿಕೊಳ್ಳುತ್ತದೆ, ಬ್ಯಾಂಕಿನ ಆಪ್ ಮುನಿಸಿಕೊಂಡರೂ ಮುನಿಸಿಕೊಂಡೀತು ಎಂದೆಲ್ಲ ಅವಳು ಮೊದಲೇ ಬಿಡಿಸಿ ಹೇಳಿದಳು. ನಾದಿನಿಯ ಫೋಟೋಗಳನ್ನೂ, ಅವಳು ಕಿಟಕಿಗೆಂದು ಮೊದಲೇ ಟೈಪ್ ಮಾಡಿಟ್ಟುಕೊಂಡಿದ್ದ ವಾಕ್ಯಗಳನ್ನೂ ಕಂಪ್ಯೂಟರಿಗೆ ಇಳಿಸಿಕೊಂಡಳು. ಬೀಗ ತೆಗೆಯಲು ಫೋನಿನ ಕಂಪನಿಯ ಅಪ್ಪಣೆ ಬೇಕಿತ್ತು. ಕೇಳಿ, ಕಾದು ಕೂತೆವು. ಅದು ಬಂದದ್ದು ಕಿಟಕಿಯ ಪರೀಕ್ಷೆಯ ದಿನ ಬೆಳಿಗ್ಗೆಯೇ.

ತಿಂಡಿ ತಟ್ಟೆಗಳನ್ನು ಬದಿಗೆ ಸರಿಸಿ ಮೂವರೂ ಊಟದ ಮೇಜಿಗೆ ಕೂತೆವು. ಸೊಸೆ ಫೋನನ್ನು ಲ್ಯಾಪ್‌ಟಾಪಿಗೆ ಕಟ್ಟಿ ಕಪ್ಪು ಪರದೆಯ ಮೇಲೆ ಏನೇನೋ ಬರೆದಳು. ಫೋನು ಆರಿತು, ಹೊತ್ತಿತು, ಹುಷಾರು ಎಂದು ಹೆದರಿಸಿತು, ಮತ್ತೆ ಆರಿತು. ನಾದಿನಿ ನನ್ನ ಕೈ ಹಿಡಿದುಕೊಂಡಿದ್ದವಳು ಬಿಡಲೇ ಇಲ್ಲ, ನನ್ನ ಬಳೆ ಮಣಿಕಟ್ಟಿಗೆ ಒತ್ತಿ ಗುರುತು ಬಿತ್ತು. ಕೊನೆಗೆ ಫೋನು ಹೊಸದಾಗಿ ಎದ್ದಾಗ ಸೊಸೆ ಕೂತಲ್ಲೇ ಎರಡೂ ಕೈ ಮೇಲೆತ್ತಿದಳು. ಕೀಲಿ ಸಿಕ್ಕಿತ್ತು. ಇಳಿಸಿಕೊಂಡದ್ದನ್ನು ಒಳಗೆ ಹಾಕಿ, ಮೊದಲಿದ್ದ ಅಕ್ಷರಗಳ ಪಾಸ್‌ವರ್ಡನ್ನೇ ಮತ್ತೆ ಇಟ್ಟು, ಆಪ್‌ಗಳನ್ನು ಬುಡಸಮೇತ ಕೀಳುವ ಒಂದು ಸಲಕರಣೆಯನ್ನೂ ಹಾಕಿಕೊಟ್ಟಳು. ಪ್ರತಿ ಹೆಸರಿನ ಮುಂದೆ ಒಂದು ಪುಟ್ಟ ಕಸದ ಬುಟ್ಟಿ.

ಅಷ್ಟರಲ್ಲಿ ಅವಳಿಗೆ ಕರೆ ಬಂತು. ಎಲ್ಲೋ ಲಿಫ್ಟ್ ಮಧ್ಯದಲ್ಲಿ ನಿಂತು ಒಳಗೆ ಜನ ಸಿಕ್ಕಿಹಾಕಿಕೊಂಡಿದ್ದರು. ಲ್ಯಾಪ್‌ಟಾಪ್ ಚೀಲಕ್ಕೆ ಸೇರಿಸುತ್ತಲೇ ಅವಳು ಹೇಳಿದಳು: “ಚಿಕ್ಕತ್ತೆ, ಗೊತ್ತಿರೋದನ್ನ ಮಾತ್ರ ಕೀಳಿ. ಬೇರೆ ಸಾದಾ ಕೀಬೋರ್ಡ್ ಒಂದು ತಂದು ಫೋನಲ್ಲಿ ಇಟ್ಟಿದೀನಿ, ಅದನ್ನ ನಾನು ಬಂದು ಹಾಕ್ತೀನಿ.”

ಅವಳು ಮೆಟ್ಟಿಲಿಳಿದದ್ದೇ ತಡ, ನಾದಿನಿಗೆ ರೆಕ್ಕೆ ಬಂತು. ಒಂದೊಂದನ್ನು ಕೀಳುವ ಮೊದಲೂ ಅವಳು ಫೋನಿನಿಂದ ಪ್ರಕಟಣೆ ಹೊರಡಿಸಿದಳು. “ಪ್ರಯಾಣಿಕರ ಗಮನಕ್ಕೆ. ಹಣ್ಣು ಕತ್ತರಿಸುವ ಆಟ ಈಗ ಹೊರಡಲಿದೆ. ಮತ್ತೆ ಬರುವುದಿಲ್ಲ.” ಬುಟ್ಟಿ ಒತ್ತಿದಳು, ಹೋಯಿತು. ಬಟ್ಟೆಯಂಗಡಿ ಹೊರಟಿತು. ಹವಾಮಾನ ಹೊರಟಿತು, ಅದಕ್ಕೆ ಛತ್ರಿ ಮರೆಯಬಾರದೆಂಬ ಸೂಚನೆ ಬೇರೆ. ನಾನು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಅವಳ ಹೆಗಲು ಸದ್ದಿಲ್ಲದೆ ಕುಣಿಯುತ್ತಿತ್ತು. ಮನೆಯಲ್ಲಿ ಹಾಗೆ ನಕ್ಕು ಎಷ್ಟೋ ಕಾಲವಾಗಿತ್ತು.

ಆಗ ಪಟ್ಟಿಯಲ್ಲಿ ಕಣ್ಣಿಗೆ ಬಿದ್ದದ್ದು ಕೀಬೋರ್ಡು, ಟೈಪ್ ಮಾಡಲು ಪರದೆಯಲ್ಲಿ ಅಕ್ಷರ ಮೂಡಿಸುವ ಆಪ್. ಅದೂ ಫೋನಿನ ಜೊತೆ ಬಂದದ್ದೇ. ಅಕ್ಷರ ಒತ್ತಿದರೆ ಮಿನುಗುವ ಗೊಂಬೆ ತೋರಿಸುವುದು, ಬಹುಮಾನದ ಬ್ಯಾಂಡು ಬಾರಿಸುವುದು ಎಲ್ಲ ಅದರದೇ ಕೆಲಸ. ಅದೇ ದೊಡ್ಡ ಕಳ್ಳ ಎಂದು ನಾನೂ ತಾಳ ಹಾಕಿದೆ. ಬೇರೆಯದನ್ನು ಸೊಸೆ ತಂದಿಟ್ಟಿದ್ದಾಳಲ್ಲ ಎಂದು ಇಬ್ಬರಿಗೂ ಧೈರ್ಯ. ತಂದಿಟ್ಟದ್ದಕ್ಕೂ ಹಾಕಿದ್ದಕ್ಕೂ ವ್ಯತ್ಯಾಸವಿದೆ ಎಂಬುದು ಆ ಉತ್ಸಾಹದಲ್ಲಿ ಯಾರಿಗೆ ಹೊಳೆಯಬೇಕು.

“ಪ್ರಯಾಣಿಕರ ಗಮನಕ್ಕೆ. ಕೀಬೋರ್ಡು ಕೊನೆಯ ಬಸ್ಸಿಗೆ ಹೊರಡಲಿದೆ. ಬೀಳ್ಕೊಡಿ” ಎಂದಿತು ಫೋನು.

ಬುಟ್ಟಿ ಒತ್ತಿದಳು. ಫೋನನ್ನು ಒಮ್ಮೆ ಆರಿಸಿ ಹಚ್ಚಬೇಕೆಂದು ಸಲಕರಣೆ ಕೇಳಿತು, ಹಾಗೇ ಮಾಡಿದಳು. ಫೋನು ಎದ್ದು ಪಾಸ್‌ವರ್ಡ್ ಕೇಳಿತು. ಅಕ್ಷರಗಳು ಮೂಡುವ ಜಾಗ ಬರಿದಾಗಿತ್ತು. ಅವಳು ಬೆರಳಿನಿಂದ ತಟ್ಟಿದಳು, ಸೆರಗಿನಿಂದ ಒರೆಸಿ ತಟ್ಟಿದಳು. ಏನೂ ಬರಲಿಲ್ಲ. ನಿಧಾನವಾಗಿ ತಲೆಯೆತ್ತಿ ನನ್ನನ್ನು ನೋಡಿದಳು. ಕಳ್ಳನ ಜೊತೆ ಅವಳ ಬಾಯನ್ನೂ ನಾವೇ ಬಸ್ಸು ಹತ್ತಿಸಿದ್ದೆವು.

ಸೊಸೆಗೆ ಕರೆ ಮಾಡಿದೆ, ಹೋಗಲಿಲ್ಲ; ಲಿಫ್ಟ್ ಓಡಾಡುವ ಬಾವಿಯೊಳಗೆ ಸಿಗ್ನಲ್ ಸಿಗುವುದಿಲ್ಲ. ಮಧ್ಯಾಹ್ನ ಹತ್ತಿರವಾಗುತ್ತಿತ್ತು. ಮ್ಯಾನೇಜರಿಗೆ ಹೇಳಿ ನಾಳೆಗೆ ಹಾಕಿಸೋಣವೇ ಎಂದರೆ ನಾದಿನಿ ತಲೆ ಅಲ್ಲಾಡಿಸಿದಳು. ಅವರು ನಾಳೆ ಎನ್ನುವುದಿಲ್ಲ, ಪಾರ್ಸೆಲ್ ಕೋಣೆ ಎನ್ನುತ್ತಾರೆ. ಅವಳು ಮೇಜಿನ ಮೇಲೆ ಹತ್ತೂ ಬೆರಳು ಬಡಿಯತೊಡಗಿದಳು. ಗಾಬರಿಗೆ ಹಾಗೆ ಮಾಡುತ್ತಿದ್ದಾಳೆಂದು ನಾನು ನೀರು ತಂದುಕೊಟ್ಟೆ. ಅವಳು ಲೋಟ ಆಚೆ ತಳ್ಳಿ ಮತ್ತೆ ಬಡಿದಳು. ನನ್ನ ಫೋನಿನ ಪರದೆ ತೋರಿಸಿದಳು, ಅದರಿಂದ ಗಾಳಿಯಲ್ಲಿ ಒಂದು ತಂತಿ ಎಳೆದು ತಂದು ತನ್ನ ಬೆರಳುಗಳ ಕೆಳಗೆ ಇಟ್ಟಳು.

ಅವತ್ತು ಸೊಸೆ ಮೌಸ್ ಚುಚ್ಚಿದ ಹಾಗೆ ಇವತ್ತು ಕೀಬೋರ್ಡ್ ಚುಚ್ಚಿದರೇನು?

ನಾನು ಚಪ್ಪಲಿಯನ್ನೂ ಮೆಟ್ಟದೆ ಪಕ್ಕದ ಮನೆಗೆ ಓಡಿದೆ. ಆ ಮನೆಯಾಕೆ ಮನೆಯಲ್ಲೇ ಕೂತು ಆಫೀಸುಗಳ ಲೆಕ್ಕ ಬರೆಯುವವರು. ನಾನು ಏದುಸಿರಿನಲ್ಲಿ ಏನು ಹೇಳಿದೆನೋ ಅವರಿಗೆ ಅರ್ಧವೂ ಅರ್ಥವಾಗಿರಲಾರದು. ‘ನಾದಿನಿ’, ‘ಮಧ್ಯಾಹ್ನ’ ಎಂಬ ಎರಡು ಪದ ಕೇಳಿದ್ದೇ ತಮ್ಮ ಕಂಪ್ಯೂಟರಿನ ಕೀಬೋರ್ಡಿನ ತಂತಿ ಕಿತ್ತು ನನ್ನ ಕೈಗಿಟ್ಟರು. ಅವರ ಪರದೆಯ ಮೇಲೆ ಅರ್ಧ ಬರೆದ ಸಾಲೊಂದು ಹಾಗೇ ನಿಂತಿತ್ತು. ನಿಮ್ಮ ಕೆಲಸ ಎಂದೆ. “ಮೌಸಲ್ಲಿ ಮಾಡೋ ಕೆಲಸ ಬೇಕಾದಷ್ಟಿದೆ, ನೀವು ಹೋಗಿ” ಎಂದರು. ಈ ಸಣ್ಣ ಸುಳ್ಳನ್ನು ನಾನು ಇವತ್ತಿಗೂ ಮರೆತಿಲ್ಲ.

ಸೊಸೆಯ ಸಾಮಾನಿನ ಡಬ್ಬಿಯಲ್ಲಿ ಫೋನಿಗೂ ತಂತಿಗೂ ಗಂಟು ಹಾಕುವ ಗಿಡ್ಡ ಕೊಂಡಿ ಸಿಕ್ಕಿತು. ಚುಚ್ಚಿದೆವು. ನಾದಿನಿ ಒಂದು ಅಕ್ಷರ ಒತ್ತಿದಳು. ಪರದೆಯಲ್ಲಿ ಒಂದು ಚುಕ್ಕೆ ಮೂಡಿತು. ಇನ್ನೊಂದು ಒತ್ತಿದಳು, ಇನ್ನೊಂದು ಚುಕ್ಕೆ. ಅಷ್ಟು ಚಂದದ ಚುಕ್ಕೆಗಳನ್ನು ನಾನು ಕಂಡಿಲ್ಲ. ಬೀಗ ತೆರೆಯಿತು. ಸೊಸೆ ತಂದಿಟ್ಟಿದ್ದ ಸಾದಾ ಕೀಬೋರ್ಡನ್ನು ಹುಡುಕಿ, ಈ ಸಲ ಒಂದೊಂದು ಸಾಲನ್ನೂ ಗಟ್ಟಿಯಾಗಿ ಓದಿಕೊಂಡು ಹಾಕಿದೆವು.

ಆದರೆ ಅದರ ಅಕ್ಷರಗಳ ಜೋಡಣೆಯೇ ಬೇರೆ. ನಾದಿನಿಯ ಹೆಬ್ಬೆರಳು ಹೊಸ ಊರಿನಲ್ಲಿ ವಿಳಾಸ ಹುಡುಕುವವರ ಹಾಗೆ ಅಲೆದಾಡಿತು. ಒಂದು ವಾಕ್ಯ ಮುಗಿಯುವಷ್ಟರಲ್ಲಿ ಬಸ್ಸು ಹೋಗಿ ತಿರುಗಿ ಬರಬಹುದಿತ್ತು. ಅವಳು ದೊಡ್ಡ ಕೀಬೋರ್ಡನ್ನೇ ಹತ್ತಿರ ಎಳೆದುಕೊಂಡಳು. ನಿಲ್ದಾಣದ ಕಂಪ್ಯೂಟರಿನಲ್ಲಿ ಬಸ್ಸುಗಳ ವೇಳೆ ಹಾಕಿ ಹಾಕಿ ಆ ಗುಂಡಿಗಳು ಅವಳ ಬೆರಳಿಗೆ ಬಾಯಿಪಾಠ. ಕಣ್ಣು ನನ್ನ ಮೇಲಿಟ್ಟುಕೊಂಡೇ ಟಕಟಕ ಬಡಿದಳು.

“ಅತ್ತಿಗೆ, ಬರಿಗಾಲಲ್ಲಿ ನಿಂತಿದೀರಿ. ಚಪ್ಪಲಿ ಹಾಕ್ಕೊಳ್ಳಿ, ಹೊರಡೋಣ.”

ಮಾತು ಹಿಂದಿಗಿಂತ ಬೇಗ ಬಂದಿತ್ತು. ನಡುವೆ ಯಾರೂ ಬಾಯಿ ಹಾಕಲಿಲ್ಲ.

ನಿಲ್ದಾಣದಲ್ಲಿ ನಾದಿನಿ ಕಂಕುಳಲ್ಲಿ ಕೀಬೋರ್ಡ್ ಇಟ್ಟುಕೊಂಡು ಬಂದದ್ದನ್ನು ನೋಡಿ ಮ್ಯಾನೇಜರು ಹುಬ್ಬೇರಿಸಿದರು. ಕಿಟಕಿಯ ಹಲಗೆ ಸಾಲದೆಂದು ಕಂಡು ತಮ್ಮ ಟೀ ಲೋಟವನ್ನೂ ಟಿಕೆಟ್ ಕಟ್ಟನ್ನೂ ಎತ್ತಿ ಜಾಗ ಮಾಡಿಕೊಟ್ಟರು. ನಾನು ಹೊರಗಿನ ಬೆಂಚಿನ ಮೇಲೆ ಕೂತೆ.

ಜನ ಬಂದರು. ಮಗು ಎತ್ತಿಕೊಂಡವಳು ಬಂದಳು, ಎರಡು ಕೈಯಲ್ಲೂ ಚೀಲ ಹಿಡಿದವನು ಬಂದ. ಟಕಟಕ, ಉತ್ತರ. ಟಕಟಕ, ಉತ್ತರ. ಒಬ್ಬ ಕಂಡಕ್ಟರು ಸುಮ್ಮನೆ ಬಂದು, ತನಗೆ ಚೆನ್ನಾಗಿ ಗೊತ್ತಿದ್ದ ತನ್ನದೇ ಬಸ್ಸಿನ ವೇಳೆ ಕೇಳಿದ. ಮ್ಯಾನೇಜರಿಗೆ ಕೇಳಿಸಲೆಂದೇ ಕೇಳಿದ್ದು. “ಈಗಾಗಲೇ ನಿನಗೆ ತಡವಾಗಿದೆ, ಹೋಗು” ಎಂದಿತು ಫೋನು. ಸಾಲಿನಲ್ಲಿದ್ದವರೆಲ್ಲ ನಕ್ಕರು. ಮ್ಯಾನೇಜರು ಮಾತ್ರ ಗಡಿಯಾರ ನೋಡುತ್ತಾ, ಕೀಲಿ ತಿರುಗಿಸುತ್ತಾ ನಿಂತಿದ್ದರು. ಒಂದೆರಡು ಉತ್ತರ ಯಾರು ಬೇಕಾದರೂ ಕೊಟ್ಟಾರು ಎಂಬಂತಿತ್ತು ಅವರ ಮುಖ.

ಅಷ್ಟರಲ್ಲಿ ಕೋಲಿನ ಅಜ್ಜ ಬಂದರು, ಅದೇ ಅಜ್ಜ. ಕಿಟಕಿಗೆ ಮುಖ ತಂದು, “ಏನಮ್ಮ, ಬಹುಮಾನ ಇವತ್ತಾದ್ರೂ ಬಂತಾ?” ಎಂದರು. ಹೋದ ಸಲದ ಬೇಸರ ಅವರ ಮುಖದಲ್ಲಿ ಎಳ್ಳಷ್ಟೂ ಇರಲಿಲ್ಲ.

“ಬಹುಮಾನ ಇಲ್ಲ ಅಜ್ಜ. ನಿಮ್ಮ ಬಸ್ಸಿದೆ. ಆಚೆ ತುದಿಯಲ್ಲಿ, ಹೊರಡ್ತಾ ಇದೆ.”

ಅಜ್ಜ ಆಚೆ ತುದಿಯನ್ನು ನೋಡಿದರು, ಆಮೇಲೆ ತಮ್ಮ ಕೋಲನ್ನು ನೋಡಿಕೊಂಡರು. ಬಸ್ಸು ಆಗಲೇ ಗುರುಗುಟ್ಟುತ್ತಿತ್ತು. ನಾದಿನಿಯ ಬೆರಳು ಒಂದು ಗಳಿಗೆ ನಿಂತಿತು. ಆಮೇಲೆ ಅವಳು ಕೈ ಚಾಚಿ, ಯಾರ ಅಪ್ಪಣೆಯನ್ನೂ ಕೇಳದೆ, ಮೂಲೆಯಲ್ಲಿದ್ದ ಹಳೆಯ ಮೈಕನ್ನು ಎಳೆದು ಅದರ ಗುಂಡಿ ಒತ್ತಿದಳು. ಫೋನನ್ನು ಅದರ ಬಾಯಿಗೆ ಹಿಡಿಯಲು ಅವಳಿಗೆ ಮೂರನೆಯ ಕೈ ಬೇಕಿತ್ತು. ಮ್ಯಾನೇಜರು ಕೀಲಿಯನ್ನು ಜೇಬಿಗೆ ಹಾಕಿ, ಬಾಗಿ, ತಾವೇ ಫೋನನ್ನು ಹಿಡಿದರು.

ಇಡೀ ನಿಲ್ದಾಣಕ್ಕೆ ಆ ದನಿ ಕೇಳಿತು: “ಪ್ರಯಾಣಿಕರ ಗಮನಕ್ಕೆ. ಕೊನೆಯ ಸಾಲಿನ ಡ್ರೈವರ್ ಗಮನಕ್ಕೂ. ಕೋಲು ಹಿಡಿದ ಅಜ್ಜ ಒಬ್ಬರು ಬರುತ್ತಿದ್ದಾರೆ. ಅವರು ಓಡುವುದಿಲ್ಲ. ನೀವು ನಿಲ್ಲಬೇಕು.”

ಮಾರುವವರು, ಕಾಯುವವರು, ಮೂಟೆ ಇಳಿಸುವವರು, ಎಲ್ಲರೂ ಕತ್ತೆತ್ತಿ ಧ್ವನಿವರ್ಧಕ ನೋಡಿದರು. ಆಚೆ ತುದಿಯಲ್ಲಿ ಡ್ರೈವರ್ ಕಿಟಕಿಯಿಂದ ಕೈ ಹೊರಗೆ ಹಾಕಿ ಎತ್ತಿ ತೋರಿಸಿದ, ಎಂಜಿನ್ ಆರಿಸಿದ. ಅಜ್ಜ ಹೊರಟರು. ಅವರ ಮುಂದೆ ಜನ ತಾವಾಗಿಯೇ ದಾರಿ ಬಿಟ್ಟರು. ಅವರು ಮೆಟ್ಟಿಲು ಹತ್ತಿ ಕೂತ ಮೇಲೇ ಬಸ್ಸು ಮತ್ತೆ ಗುರುಗುಟ್ಟಿದ್ದು.

ಮ್ಯಾನೇಜರು ಫೋನನ್ನು ಹಲಗೆಯ ಮೇಲಿಟ್ಟರು. “ನಾಳೆ ಬೆಳಗ್ಗೆ ಬೇಗ ಬನ್ನಿ. ಮೈಕ್ ಇಲ್ಲೇ ಕಿಟಕಿಗೆ ಹಾಕಿಸ್ತೀನಿ” ಎಂದರು. ಪಾರ್ಸೆಲ್ ಕೋಣೆಯ ಕೀಲಿ ಅವರ ಜೇಬಿನಲ್ಲೇ ಉಳಿಯಿತು.

ನಾದಿನಿ ಗಾಜಿನಾಚೆಯಿಂದ ನನ್ನನ್ನು ನೋಡಿದಳು. ನಾನು ಕನ್ನಡಕ ಒರೆಸಿಕೊಳ್ಳೋಣವೆಂದು ಮಡಿಲು ತಡಕುತ್ತಿದ್ದೆ. ಅವಳು ಫೋನನ್ನು ಮೈಕಿಗೆ ಒರಗಿಸಿ ಗುಂಡಿ ಒತ್ತಿದ್ದಳೆಂದು ನನಗೆ ಆಮೇಲೆ ತಿಳಿಯಿತು.

“ಪ್ರಯಾಣಿಕರ ಗಮನಕ್ಕೆ. ಬೆಂಚಿನ ಮೇಲೆ ಕೂತಿರುವ ನಮ್ಮ ಅತ್ತಿಗೆಯ ಕನ್ನಡಕ ಅವರ ತಲೆಯ ಮೇಲೇ ಇದೆ.”